ಮೌತ್ ಆರ್ಗನ್ನಿಗೆ ಕಲಾಯಿ

ರಾತ್ರಿ ಹನ್ನೊಂದಕ್ಕೆ, ತಲೆತುಂಬ ಹೊದ್ದ ರಗ್ಗಿನೊಳಗೆ, ನೊಣ ಸಿಕ್ಕಿಕೊಂಡಂಥ ಒಂದು ಸಣ್ಣ ಸದ್ದಾಯಿತು. ಸಿದ್ದರಾಮಪ್ಪ ಮೌತ್ ಆರ್ಗನ್ನನ್ನು ತುಟಿಯಿಂದ ತೆಗೆದು ಕಿವಿಗೊಟ್ಟ. ನೊಣವಿರಲಿಲ್ಲ. ನಾಲ್ಕನೆಯ ತೂತಿಗೆ ಮತ್ತೆ ಉಸಿರು ಬಿಟ್ಟ. ಮತ್ತೆ ಗುಂಯ್.

ಮುಂಬಯಿಯ ಕುರ್ಲಾದಲ್ಲಿ ಅವನಿದ್ದ ಚಾಳಿನ ಗೋಡೆಗಳು ತೆಳು. ಅದಕ್ಕೇ ಅವನ ಅಭ್ಯಾಸವೆಲ್ಲ ರಗ್ಗಿನೊಳಗೆ. ಮಾರನೆಯ ದಿನ, ಭಾನುವಾರ ಸಂಜೆ, ಚೆಂಬೂರಿನ ಕನ್ನಡ ಸಂಘದಲ್ಲಿ ಅವನಿಗೆ ನುಡಿಸಲು ಏಳು ನಿಮಿಷ ಸಿಕ್ಕಿತ್ತು. ಆ ಏಳು ನಿಮಿಷಕ್ಕಾಗಿ ಮೂರು ವರ್ಷ ಕಾರ್ಯದರ್ಶಿ ರಮಾನಾಥರ ಹಿಂದೆ ಅಲೆದಿದ್ದ. ಮೌತ್ ಆರ್ಗನ್ ವಾದ್ಯವೇ ಅಲ್ಲ, ಮಕ್ಕಳ ಪೀಪಿ ಎಂಬುದು ಉಡುಪಿ ಕಡೆಯ ರಮಾನಾಥರ ಖಚಿತ ಅಭಿಪ್ರಾಯ. ಸಭೆಗೆ ಹಿಡಿಸದಿದ್ದರೆ ಇನ್ನು ಆ ಮಾತೇ ಎತ್ತಕೂಡದು ಎಂಬ ಷರತ್ತಿನ ಮೇಲೆ ಈ ಸಲ ಒಪ್ಪಿದ್ದರು. ಸಿದ್ದರಾಮಪ್ಪ ಆಗಲೇ ಆಫೀಸಿನ ಹನ್ನೊಂದು ಜನರಿಗೆ ಹೇಳಿಬಿಟ್ಟಿದ್ದ.

ಬೆಳಿಗ್ಗೆ ಕೋಣೆಗಳ ಮುಂದಿನ ಗ್ಯಾಲರಿಯಲ್ಲಿ ಪೇಪರ್ ಹಾಸಿ, ಸಣ್ಣ ಮೊಳೆಗಳನ್ನು ಕಿತ್ತು, ವಾದ್ಯವನ್ನು ಬಿಚ್ಚಿ ಹರವಿದ. ನಡುವೆ ಬಾಚಣಿಗೆಯಂಥ ಮರದ ಪಟ್ಟಿ, ಜರ್ಮನಿಯ ಪೇರ್ ಮರದ್ದು. ಅದರ ಮೇಲೊಂದು, ಕೆಳಗೊಂದು ಹಿತ್ತಾಳೆಯ ತಗಡು. ಒಂದೊಂದು ತಗಡಿಗೂ ಉಸಿರಿಗೆ ಅಲುಗಿ ನುಡಿಯುವ ಹತ್ತು ನಾಲಗೆ. ಮುಂಬಯಿಯ ಮಳೆಗಾಲಕ್ಕೆ ಮರ ಬಾತುಕೊಂಡು ತಗಡನ್ನು ಮೇಲೆತ್ತಿತ್ತು. ಅಷ್ಟೇ ರೋಗ. ಸ್ವಲ್ಪ ಉಜ್ಜಿದರೆ ಸರಿಹೋಗುತ್ತಿತ್ತು.

ಆದರೆ ಚಾಳಿನ ಗ್ಯಾಲರಿಯಲ್ಲಿ ಏನನ್ನಾದರೂ ಬಿಚ್ಚಿಟ್ಟರೆ ಅದು ಎಲ್ಲರ ಆಸ್ತಿಯಾಗುತ್ತದೆ. ಪಕ್ಕದ ಕೋಣೆಯ ಗದಿಗೆಪ್ಪ, ಮಿಲ್ಲಿನ ಫಿಟ್ಟರ್, ಬೇವಿನ ಕಡ್ಡಿ ಕಚ್ಚುತ್ತ ಬಂದು ಕುಳಿತ. ಈ ಕಟಿಗಿ ತಗದು ಒಗೀರಿ, ಅಲ್ಯುಮಿನಿಯಂ ಕೂಡ್ರಸೋಣು ಎಂದ. ಸಿದ್ದರಾಮಪ್ಪ ಸಹನೆಯಿಂದಲೇ ವಿವರಿಸಿದ. ಧ್ವನಿಯ ಮಾಧುರ್ಯ ಬರುವುದು ಮರದಿಂದ. ಲೋಹ ಹಾಕಿದರೆ ಡಬ್ಬಿ ಬಡಿದ ಹಾಗಾಗುತ್ತದೆ.

“ಮಾತಾಡೂದು ನಾಲಿಗಿ, ಸಿದ್ದರಾಮಪ್ಪಾರ,” ಎಂದ ಗದಿಗೆಪ್ಪ. “ಮನಿ ಅಲ್ಲ.”

ಮೂರು ವರ್ಷದ ಚಿಂತನೆಯನ್ನು ಬೇವಿನ ಕಡ್ಡಿಯಿಂದ ಒರೆಸಿ ಹಾಕಿದಂತಾಯಿತು. ಸಿದ್ದರಾಮಪ್ಪ ಮರದ ಪಟ್ಟಿಯನ್ನು ಮಾತ್ರ ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡು, ಸ್ಯಾಂಡ್ ಪೇಪರ್ ತರಲು ಓಣಿಯ ತುದಿಯ ಬಡಗಿಯ ಬಳಿ ಹೋದ. ಬಡಗಿಗೂ ಒಂದು ಅಭಿಪ್ರಾಯವಿತ್ತು. ಅವನು ಸಾಗವಾನಿಯ ಪಕ್ಷ. ಅರ್ಧ ಗಂಟೆ ಹಿಡಿಯಿತು.

ಹಿಂತಿರುಗಿದಾಗ ಪೇಪರಿನ ಮೇಲೆ ಮೊಳೆಗಳಷ್ಟೇ ಇದ್ದವು. ಗದಿಗೆಪ್ಪ ಗಲ್ಲದಿಂದ ಕೆಳಗೆ ತೋರಿಸಿದ. ಅಂಗಳದಲ್ಲಿ ಕಲಾಯಿಯವನು ತಿದಿ ಒತ್ತುತ್ತಿದ್ದ. ಅವನೆದುರು ತನ್ನ ಎರಡು ತಪ್ಪಲೆಗಳನ್ನಿಟ್ಟುಕೊಂಡು ವಿಜಾಪುರದ ಚನ್ನವ್ವ ಕುಳಿತಿದ್ದಳು. ಚಾಳಿಗೆಲ್ಲ ಹಿರಿಯಳು; ಯಾರ ಮನೆಯ ಪಾತ್ರೆ ಹೇಗಿದೆ ಎಂಬುದು ಅವಳಿಗೆ ಬಾಯಿಪಾಠ. ಬೆಂಕಿಯ ಮೇಲಿದ್ದದ್ದು ತಪ್ಪಲೆಯಲ್ಲ.

“ಹಸರ ಕಿಲುಬು ಕೂತಿತ್ತು, ತಮ್ಮಾ,” ಎಂದಳು. “ದಿನಾ ಬಾಯಾಗ ಇಟ್ಕೋತಿ. ಕಲಾಯಿ ಇಲ್ಲದ ಹಿತ್ತಾಳ್ಯಾಗ ನಾ ಸಾರು ಸುದ್ದಾ ಕಾಸೂದಿಲ್ಲ.”

“ಅದು ಪಾತ್ರೆ ಅಲ್ಲ, ಕಾಕು.”

“ಬಾಯಿಗೆ ಹತ್ತತೈತೋ ಇಲ್ಲೋ?”

ಕಲಾಯಿಯವನು ಇಕ್ಕಳದಿಂದ ತಗಡುಗಳನ್ನೆತ್ತಿ ಹಿಡಿದ. ಹುಣ್ಣಿಮೆಯ ಹಾಗೆ ಹೊಳೆಯುತ್ತಿದ್ದವು. ಇಪ್ಪತ್ತು ನಾಲಗೆಗಳೂ ತವರದಲ್ಲಿ ಮುಚ್ಚಿಹೋಗಿದ್ದವು. ಕೇಳದೆ ಕೊಟ್ಟದ್ದೇಕೆ ಎಂದು ಸಿದ್ದರಾಮಪ್ಪ ಗದ್ದಲ ಮಾಡಿದ. ಚಾಳು ಕಿಟಕಿಗೊಂದು ತಲೆಯಂತೆ ಹೊರಬಂದು ಕೇಳಿಸಿಕೊಂಡು, ವಿಷವೇರಿ ಸಾಯುವವನನ್ನು ಉಳಿಸಿದ ಮುದುಕಿಯ ಮೇಲೆ ಹೀಗೆ ಹರಿಹಾಯುವುದೇ ಎಂದು ಮುಖ ಸಿಂಡರಿಸಿತು. ಆಮದು ಲೈಸೆನ್ಸಿನ ಕಾಲದಲ್ಲಿ ಇಂಥ ಇನ್ನೊಂದು ಎಲ್ಲಿಯೂ ಸಿಗುವುದಿಲ್ಲವೆಂದರೆ, ಹಾಗಾದರೆ ಕಲಾಯಿ ಹಾಕಿಸಿದ್ದೇ ಒಳ್ಳೆಯದಾಯಿತು, ಬಾಳಿಕೆ ಬರುತ್ತದೆ ಎಂದಿತು.

ನಾಲ್ಕು ಗಂಟೆಯವರೆಗೆ ಅವನು ಸೂಜಿಯಿಂದ ಒಂದೊಂದೇ ನಾಲಗೆಯನ್ನು ಬಿಡಿಸಿದ. ಮರವನ್ನು ಉಜ್ಜಿದ, ಮೊಳೆ ಹೊಡೆದ, ಊದಿದ. ಬಾವಿಯ ತಳದಿಂದ ಎಮ್ಮೆಯ ಕರು ಕರೆಯಿತು. ನಾಲಗೆಯ ತುದಿಗೆ ಭಾರ ಕೂತರೆ ಅದು ನಿಧಾನವಾಗಿ ಅಲುಗಿ ಸ್ವರ ಇಳಿಯುತ್ತದೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತೂ ಒಟ್ಟಿಗೆ ಇಳಿಯುವುದನ್ನು ಮಾತ್ರ ಕೇಳಿರಲಿಲ್ಲ. ಸಂಘಕ್ಕೆ ಹೋಗದಿದ್ದರೆ ಪೀಪಿ ಎಂಬ ಹೆಸರು ಶಾಶ್ವತ. ಹೋದ. ತನ್ನ ಕಲಾಯಿ ಹೇಗೆ ನುಡಿಯುತ್ತದೆಂದು ನೋಡಲು ಇಳಕಲ್ ಸೀರೆಯುಟ್ಟು ಚನ್ನವ್ವನೂ ಅದೇ ಲೋಕಲ್ ಹತ್ತಿದಳು.

ವೇದಿಕೆಯ ಮೇಲೆ ಮೊದಲ ನಿಮಿಷ ಹೇಗೋ ಕಳೆಯಿತು. ಆಮೇಲೆ ಒಳಗೆ ಉಳಿದಿದ್ದ ತವರದ ಕಣಗಳು ಒಂದೊಂದೇ ಸಂದಿಗೆ ಸಿಕ್ಕಿಕೊಳ್ಳತೊಡಗಿದವು. ಉಸಿರು ಒಳಗೆಳೆದರೆ ಸದ್ದಿಲ್ಲ. ಹೊರಗೆ ಬಿಟ್ಟರೆ ಷಡ್ಜ, ಪಂಚಮ, ಅಷ್ಟೇ. ರಮಾನಾಥರು ನಗುತ್ತ ಗಡಿಯಾರ ನೋಡಿದರು. ಕಾಲ ತಳ್ಳಲು ಸಿದ್ದರಾಮಪ್ಪ ಮೂಗಿನಿಂದ ಉಸಿರು ಕದಿಯುತ್ತ ಆ ಎರಡನ್ನೇ ಹಿಡಿದುಕೊಂಡು ಕುಳಿತ.

ಮುಂದಿನ ಸಾಲಿನಲ್ಲಿ ಭಜನೆಯ ಕಾಂತಪ್ಪ ಇದ್ದರು. ಅವರ ಶ್ರುತಿಪೆಟ್ಟಿಗೆಯ ತಿದಿ ಆ ಮಧ್ಯಾಹ್ನವೇ ಹರಿದು, ಹಾಡುವುದಿಲ್ಲವೆಂದು ಮುನಿಸಿಕೊಂಡಿದ್ದರು. ಈಗ ಅವರ ತಲೆ ಮೆಲ್ಲಗೆ ಎದ್ದಿತು. ಅದು ಅವರದೇ ಶ್ರುತಿ. ಕೂತಲ್ಲಿಂದಲೇ ಹಾಡು ಎತ್ತಿಕೊಂಡರು, ಹಾಡುತ್ತಲೇ ವೇದಿಕೆ ಹತ್ತಿದರು, ಪಕ್ಕದಲ್ಲಿ ಕುಳಿತರು. ಸಿದ್ದರಾಮಪ್ಪ ನಿಲ್ಲಿಸಲು ನೋಡಿದಾಗ ಕಣ್ಣು ಮುಚ್ಚಿಕೊಂಡೇ ಅವನ ತೊಡೆಯನ್ನು ಒತ್ತಿ ಹಿಡಿದರು. ನಲವತ್ತು ನಿಮಿಷ ಬಿಡಲಿಲ್ಲ.

ಚಪ್ಪಾಳೆಯೆಲ್ಲ ಕಾಂತಪ್ಪನವರಿಗೆ ಬಿತ್ತು. ರಮಾನಾಥರು ಎದ್ದು, ಪೀಪಿ ಎಂದ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡರು. ಇದು ವಾದ್ಯವೇ. ಇನ್ನು ಮೇಲೆ ಪ್ರತಿ ಭಾನುವಾರ ಭಜನೆಗೆ ಶ್ರುತಿ ಹಿಡಿಯುವವರು ಸಿದ್ದರಾಮಪ್ಪನವರೇ.

“ನನ್ನ ಏಳು ನಿಮಿಷ?” ಎಂದ ಸಿದ್ದರಾಮಪ್ಪ. ತುಟಿ ಬಾತು ಮಾತು ಸರಿಯಾಗಿ ಹೊರಡಲಿಲ್ಲ.

“ಏಳು ನಿಮಿಷ ಎಂತಕ್ಕೆ ಮಾರಾಯ್ರೆ? ಎರಡು ಗಂಟೆ ತಕೊಳ್ಳಿ.”

ಮನೆಗೆ ಹೋದೊಡನೆ ತವರವನ್ನೆಲ್ಲ ಕೆರೆದು ತೆಗೆಯುವುದಾಗಿ ಅವನು ಹೇಳಿದ. ಕಾಂತಪ್ಪನವರು ಗಾಬರಿಯಾದರು. ಅದಕ್ಕೆ ಕೈ ಹಚ್ಚಿದರೆ ತಮ್ಮ ಶ್ರುತಿಯೇ ಹೋಯಿತು, ಆಣೆ ಮಾಡಿ ಎಂದು ಕೈ ಚಾಚಿದರು. ಸಭೆ ನೋಡುತ್ತಿತ್ತು; ಆಣೆ ಮಾಡಬೇಕಾಯಿತು. ಹೆದರಬೇಡಿರೆಂದು ಚನ್ನವ್ವ ಅವರಿಗೆ ಅಭಯ ಕೊಟ್ಟಳು. “ದೀಪಾವಳಿಗೆ ಇನ್ನೊಂದು ಕೈ ಹಾಕಸ್ತೀನಿ.”

ಹಿಂತಿರುಗುವ ಗಾಡಿಯಲ್ಲಿ ಸಿದ್ದರಾಮಪ್ಪ ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಬಯ್ದ. ಫಿಟ್ಟರನನ್ನು, ಬಡಗಿಯನ್ನು, ಕಾರ್ಯದರ್ಶಿಯನ್ನು, ಮೂಲೆಯ ಸೀಟಿನಲ್ಲಿ ತೂಕಡಿಸುತ್ತಿದ್ದ ಚನ್ನವ್ವನನ್ನು ಎರಡು ಸಲ. ಅನ್ಯಾಯವನ್ನು ನಾಳೆ ಆಫೀಸಿನ ಹನ್ನೊಂದು ಜನರಿಗೂ ಸವಿಸ್ತಾರವಾಗಿ ಹೇಳುವವನಿದ್ದ.

ಒಂದನ್ನು ಬಿಟ್ಟು. ಕಾಂತಪ್ಪ ಮೇಲಿನ ಷಡ್ಜಕ್ಕೆ ಏರಿ ನಿಂತಾಗ, ಆ ದರಿದ್ರ ತವರದ ದನಿಯ ಮೇಲೆ ಆ ಸ್ವರ ದೀಪದಂತೆ ಅಲುಗದೆ ನಿಂತಾಗ, ಅವನ ತೋಳಿನ ಕೂದಲು ನೆಟ್ಟಗಾಗಿದ್ದವು, ಕಣ್ಣು ತುಂಬಿತ್ತು. ಮೂರು ವರ್ಷ ಪೇರ್ ಮರದ ಮಾಧುರ್ಯವನ್ನೇ ನಂಬಿ ನುಡಿಸಿದಾಗ ಒಮ್ಮೆಯೂ ಹಾಗಾಗಿರಲಿಲ್ಲ.

ಕುರ್ಲಾ ಬಂತು. ಮುದುಕಿಯನ್ನು ಎಬ್ಬಿಸಿ, ಕೈ ಹಿಡಿದು ಇಳಿಸುತ್ತ, ಇದೊಂದನ್ನು ಮಾತ್ರ ಯಾರಿಗೂ ಹೇಳಬಾರದೆಂದು ಅವನು ನಿಶ್ಚಯಿಸಿದ.