ದಾಡಿ ಸಾಬೂನಿಗೆ ಕೇಳಿದ ಕೊಸರು

ಯಾವ ಅಂಕಿ ಕಿವಿಗೆ ಬಿದ್ದರೂ ಅದನ್ನು ಇಳಿಸದೆ ನನ್ನ ನಾಲಗೆಗೆ ಸಮಾಧಾನವಿಲ್ಲ. ಇದು ರೋಗವೋ ವಿದ್ಯೆಯೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಡಾಕ್ಟರು ದಿನಕ್ಕೆ ಮೂರು ಗುಳಿಗೆ ಎಂದರೆ ‘ಎರಡಕ್ಕ ಆಗಂಗಿಲ್ಲೇನ್ರಿ?’ ಎಂದು ಕೇಳಿಬಿಡುತ್ತೇನೆ. ನಮ್ಮ ಮಠದ ಸ್ವಾಮಿಗಳು ಒಮ್ಮೆ, ದಿನಾ ನೂರೆಂಟು ಸಲ ಮಂತ್ರ ಹೇಳು ಎಂದು ಅಪ್ಪಣೆ ಕೊಟ್ಟಾಗ, ‘ನೂರಕ್ಕ ಫೈನಲ್ ಮಾಡ್ರಿ ಅಜ್ಜಾರ’ ಎಂದೆ. ಸ್ವಾಮಿಗಳು ನಕ್ಕರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಗಿರಿಜಾ ನಗಲಿಲ್ಲ. ನನ್ನ ಕಾಲಿನ ಕಿರುಬೆರಳು ಹುಡುಕಿ ತುಳಿದಳು. ಆದರೆ ನೀವೇ ಹೇಳಿ, ರಾಯಾಪುರದಿಂದ ಬೈರಿದೇವರಕೊಪ್ಪದವರೆಗೆ ಸೈಕಲ್ಲಿನ ಹ್ಯಾಂಡಲಿಗೆ ಬುಟ್ಟಿ, ಬಕೀಟು ನೇತುಹಾಕಿಕೊಂಡು ತಿರುಗಿದವನು ಇವತ್ತು ಕೇಶ್ವಾಪುರದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿದ್ದಾನೆ ಎಂದರೆ ಅದು ಈ ನಾಲಗೆಯಿಂದಲ್ಲದೆ ಇನ್ನೇನು ಜಾತಕದಿಂದಲೇ? ನಮ್ಮ ಓಣಿಯಲ್ಲಿ ಯಾರು ಫ್ರಿಜ್ ಕೊಂಡರೂ, ಯಾರು ಮದುವೆಗೆ ಸೀರೆ ತಂದರೂ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಚಹಾ ಕುಡಿಸುತ್ತಾರೆ. ಅಂಗಡಿಯವರು ನನ್ನನ್ನು ಕಂಡ ಕೂಡಲೇ ಫ್ಯಾನು ಬಂದ್ ಮಾಡುತ್ತಾರೆ.

ಇಲ್ಲೇ ಒಂದು ಸಲಹೆ ಕೊಟ್ಟುಬಿಡುತ್ತೇನೆ, ಪುಕ್ಕಟೆ. ರೇಟು ಇಳಿಸುವುದು ಅರ್ಧ ಕೆಲಸ ಮಾತ್ರ. ಉಳಿದರ್ಧ ಕೊಸರು. ವ್ಯಾಪಾರ ಮುಗಿದು, ಅಂಗಡಿಯವನು ತೂಕ ಮಾಡಿ, ಪುಡಿಕೆ ಕಟ್ಟಬೇಕು ಅನ್ನುವಷ್ಟರಲ್ಲಿ ‘ಏ, ಮ್ಯಾಲ ಒಂಚೂರು ಹಾಕಪಾ’ ಅನ್ನಬೇಕು. ಒಂದು ಹಿಡಿ ಕೊತ್ತಂಬರಿ, ನಾಲ್ಕು ಮೆಣಸಿನಕಾಯಿ, ಒಂದು ಚಮಚ ಜೀರಿಗೆ. ಬೇಕೋ ಬೇಡವೋ ಅದು ಬೇರೆ ಮಾತು, ಕೇಳಬೇಕು. ಕೊಸರು ಕೇಳದೆ ಮನೆಗೆ ಬಂದ ದಿನ ನನಗೆ ಚಪ್ಪಲಿ ಬಿಟ್ಟು ಬಂದ ಹಾಗೆ ಅನಿಸುತ್ತದೆ. ಈ ಸಲಹೆಗೆ ಒಂದು ತಿದ್ದುಪಡಿ ಇದೆ. ಅದು ನನಗೆ ಹೋದ ತಿಂಗಳು ತಿಳಿಯಿತು, ಎರಡೂ ಗಲ್ಲದ ಮೇಲೆ.

ಆದದ್ದು ಇಷ್ಟು. ನಮ್ಮ ಓಣಿಯ ತಿರುವಿನಲ್ಲಿ ಮಾರುತಿಯ ಕಟಿಂಗ್ ಅಂಗಡಿ ಇದೆ. ಪ್ರತಿ ಭಾನುವಾರ ಮುಂಜಾನೆ ನನ್ನ ದಾಡಿ ಅಲ್ಲೇ. ಮನೆಯಲ್ಲಿ ದಾಡಿ ಮಾಡಿಕೊಳ್ಳುವುದು ನನಗೆ ಬರುತ್ತದೆ, ಆದರೆ ಮನೆಯ ಕನ್ನಡಿಯ ಮುಂದೆ ನನ್ನ ಜೊತೆ ಯಾರೂ ವಾದ ಮಾಡುವುದಿಲ್ಲ. ಮಾರುತಿಯ ಕುರ್ಚಿಯಲ್ಲಿ ಕುಳಿತರೆ ಹಿಂದಿನ ಬೆಂಚಿನಲ್ಲಿ ನಾಲ್ಕು ಜನ ಇರುತ್ತಾರೆ, ಮುಂದಿನ ಕನ್ನಡಿಯಲ್ಲಿ ಅವರೇ ಮತ್ತೆ ನಾಲ್ಕು ಜನ ಕಾಣುತ್ತಾರೆ, ಸಭೆ ತುಂಬಿದಂತೆ ಇರುತ್ತದೆ. ಆ ಬೆಂಚಿನ ಖಾಯಂ ಸದಸ್ಯರು ಸ್ಯಾಮುಯೆಲ್ ಮಾಸ್ತರು. ಮಿಷನ್ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಚರ್ಚಿಗೆ ಹೋಗುವ ಮೊದಲು ದಾಡಿಗೆ ಬಂದು, ಪೇಪರು ಹಿಡಿದು ಕುಳಿತು, ಎಲ್ಲರ ಮಾತಿನ ತಪ್ಪು ತಿದ್ದುತ್ತಾರೆ.

ಆ ಭಾನುವಾರ ಮಾರುತಿ ಹಳೆಯ ಸಾಬೂನಿನ ಬಟ್ಟಲು ಬಿಟ್ಟು, ಒಂದು ಡಬ್ಬಿಯನ್ನು ಭುಸ್ ಎಂದು ಒತ್ತಿ, ಬೆಣ್ಣೆಯಂಥ ನೊರೆಯನ್ನು ನನ್ನ ಗಲ್ಲಕ್ಕೆ ಹಚ್ಚಿದ. ದಾಡಿ ಮುಗಿದ ಮೇಲೆ ಹೊಸ ರೇಟು ಹೇಳಿದ. ನನ್ನ ನಾಲಗೆ ತಾನಾಗಿ ಎದ್ದಿತು.

‘ಏನೋ ಮಾರುತಿ, ನನ್ನ ಮಾರಿ ಹಳೇದು, ನಿನ್ನ ಕತ್ತಿ ಹಳೇದು, ನೀನೂ ಹಳಬ. ರೇಟ್ ಒಂದ ಯಾಕೋ ಹೊಸಾದು?’

‘ಸಾವಕಾರ್ರ, ನೊರಿ ಹೊಸಾದೈತಲ್ರಿ. ಆ ಸಾಬಾಣ ಈಗ ಯಾರ ಹಚ್ಗೋತಾರ?’

‘ಗಾಳಿ ತುಂಬಿದ ಡಬ್ಬಿಗೆ ಇಷ್ಟ? ಇದಕ್ಕಿಂತ ಛಲೋದು ಮನ್ಯಾಗ ಮಾಡಬಹುದು.’

‘ಮಾಡ್ಕೊಂಡ್ ಬರ್ರಿ ಹಂಗಾರ!’ ಮಾರುತಿ ಟವೆಲ್ಲನ್ನು ಝಾಡಿಸಿದ. ‘ನಿಮ್ಮ ಕೈಲೆ ಮಾಡಿದ ಸಾಬಾಣ ತರ್ರಿ. ನೊರಿ ಬಂತಂದ್ರ ನಿಮಗ ಸಾಯೋತನಕಾ ಹಳೇ ರೇಟ. ಬರಲಿಲ್ಲಂದ್ರ ಹೊಸಾ ರೇಟ ಕೊಡಬೇಕು, ಮತ್ತ ಈ ಅಂಗಡ್ಯಾಗ ಇನ್ನೊಮ್ಮಿ ರೇಟಿನ ಮಾತ ಎತ್ತಬಾರದು. ಒಂದ ತಿಂಗಳ ಟೈಮ್ ತಗೋರಿ.’

ಮಾಸ್ತರು ಪೇಪರು ಇಳಿಸಿದರು. ರೊಕ್ಕದ ಮಾತು ಹಾಳಾಗಲಿ, ರೇಟಿನ ಮಾತೇ ಎತ್ತಬಾರದು ಅಂದರೆ ನಾನು ಆ ಕುರ್ಚಿಯಲ್ಲಿ ಕುಳಿತು ಮಾಡುವುದಾದರೂ ಏನು? ಹವಾಮಾನ ಮಾತಾಡಲೇ? ಓಣಿಯವರು ಇನ್ನು ಮೇಲೆ ಸೀರೆ ಅಂಗಡಿಗೆ ಯಾರನ್ನು ಕರೆಯುತ್ತಾರೆ? ಇಷ್ಟೆಲ್ಲ ತಲೆಯಲ್ಲಿ ಓಡುತ್ತಿದ್ದರೂ ನಾಲಗೆ ಮಾತ್ರ ತನ್ನ ಚಾಳಿ ಬಿಡಲಿಲ್ಲ. ಒಂದು ತಿಂಗಳು ಎಂಬ ಅಂಕಿ ಕೇಳಿಸಿತ್ತಲ್ಲ.

‘ತಿಂಗಳ ಯಾಕಲೇ? ಹದಿನೈದ ದಿನ ಸಾಕು!’

ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೋ ಹಚ್ಚಿದೆ. ಅದರಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ಎಣ್ಣೆ ಕಾಯಿಸಿ, ಕಾಸ್ಟಿಕ್ ಸೋಡಾದ ನೀರು ಬೆರೆಸಿ, ಕಲಸಿ, ಸುವಾಸನೆ ಹಾಕಿ, ಬಟ್ಟಲಿಗೆ ಸುರಿದಳು. ಕೊನೆಗೆ, ಇದನ್ನು ನಾಲ್ಕರಿಂದ ಆರು ವಾರ ಒಣಗಲು ಬಿಡಿ, ಇಲ್ಲದಿದ್ದರೆ ಚರ್ಮಕ್ಕೆ ಒಳ್ಳೆಯದಲ್ಲ ಎಂದಳು. ನಾನು ಆ ಮೊಬೈಲಿನ ಜೊತೆಗೂ ಸ್ವಲ್ಪ ಹೊತ್ತು ಚೌಕಾಸಿ ಮಾಡಿದೆ. ನಾಲ್ಕರಿಂದ ಆರು ಎಂದು ಅವಳೇ ಹೇಳಿದ ಮೇಲೆ ಅದು ಪಕ್ಕಾ ರೇಟಲ್ಲ, ಎರಡು ವಾರದ ಗುಂಜಾಯಿಷ್, ಅಂದರೆ ಇಳಿಸುವ ಜಾಗ, ಅಲ್ಲೇ ಇದೆ. ಗುಂಜಾಯಿಷ್ ಇಟ್ಟವರು ಇನ್ನೂ ಇಳಿಯುತ್ತಾರೆ. ಇದು ನನ್ನ ಅನುಭವ.

ಮರುದಿನ ದುರ್ಗದ ಬೈಲಿನ ಪೇಟೆಗೆ ಹೋದೆ. ಕುಸುಬಿ ಎಣ್ಣೆ ಮನೆಯಲ್ಲೇ ಇತ್ತು, ಕೊಬ್ಬರಿ ಎಣ್ಣೆ ಕೊಂಡೆ. ಅತ್ತರಿನ ಅಂಗಡಿಯಲ್ಲಿ ಒಂದು ಬಾಟಲಿಯನ್ನೂ ಕೊಳ್ಳಲಿಲ್ಲ. ಕಲಿತುಕೊಳ್ಳಿ: ಅತ್ತರಿನವರು ಮೂಸಿ ನೋಡಲು ಹತ್ತಿಯ ತುಣುಕಿಗೆ ಅದ್ದಿ ಕೊಡುತ್ತಾರೆ. ಮಲ್ಲಿಗೆ, ಗುಲಾಬಿ, ಖಸ್, ಗಂಧ, ಕೇದಗೆ ಎಂದು ನಾಲ್ಕು ಅಂಗಡಿ ತಿರುಗಿ ಎರಡೂ ಕಿವಿಗಳ ಹಿಂದೆ, ಜೇಬಿನಲ್ಲಿ, ಟೋಪಿಯೊಳಗೆ ಒಂದು ಹಿಡಿ ಹತ್ತಿ ಸಂಗ್ರಹಿಸಿದೆ. ಕೊನೆಗೆ ಕೆಮಿಕಲ್ ಅಂಗಡಿ. ಅಲ್ಲಿಯವನು ಕಾಸ್ಟಿಕ್ ಸೋಡಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹುಷಾರಾಗಿ ತೂಗಿ, ಬಾಯಿ ಕಟ್ಟುವಷ್ಟರಲ್ಲಿ ನಾನು ಅಂದೆ:

‘ಏ, ಮ್ಯಾಲ ಒಂಚೂರು ಹಾಕಪಾ.’

ಅವನು ಕೈ ನಿಲ್ಲಿಸಿ ನನ್ನ ಮುಖ ನೋಡಿದ. ‘ಕಾಕಾ, ಇದಕ್ಕ ಕೊಸರ ಯಾರೂ ಕೇಳಂಗಿಲ್ರಿ. ಇದು ಸುಡ್ತೈತಿ.’

‘ಕೊಡೂವಾಗ ಎಲ್ಲಾರಿಗೂ ಸುಡ್ತೈತಿ. ಹಾಕ್ ಹಾಕ್.’

ಅವನು ನಿಟ್ಟುಸಿರು ಬಿಟ್ಟು ಇನ್ನೊಂದು ಚಮಚ ಹಾಕಿದ. ನಾನು ಗೆದ್ದವನಂತೆ ಸ್ಕೂಟರ್ ಹತ್ತಿದೆ.

ಅಡುಗೆಯ ಶಾಸ್ತ್ರದಲ್ಲಿ ಗಿರಿಜಾಳಿಗೆ ಗೊತ್ತಿಲ್ಲದ್ದಿಲ್ಲ, ಆದರೆ ಈ ಅಡುಗೆಗೆ ಅವಳು ಒಲೆಯನ್ನೂ ಕೊಡಲಿಲ್ಲ, ಬೋಗಾಣಿಯನ್ನೂ ಕೊಡಲಿಲ್ಲ. ‘ಪಾತ್ರಿ ಅಂಗಡಿ ಇಟ್ಟೀರಿ, ನನ್ನ ಬೋಗಾಣಿ ಯಾಕ ಬೇಕ್ರಿ ನಿಮಗ?’ ಎಂದಳು. ಅಂಗಡಿಯ ಹೊಸ ಪಾತ್ರೆಯನ್ನು ಒಮ್ಮೆ ಬಳಸಿದರೆ ಅದು ಹಳೆಯದಾಗುತ್ತದೆ ಎಂಬ ಸರಳ ಅರ್ಥಶಾಸ್ತ್ರ ಅವಳಿಗೆ ತಿಳಿಯದು. ಅವಳು ಭಜನೆಗೆ ಹೋದ ಹೊತ್ತು ನೋಡಿ, ತವರಿನವರು ಹೆಸರು ಕೆತ್ತಿಸಿ ಕೊಟ್ಟ ದೊಡ್ಡ ಸ್ಟೀಲ್ ಬೋಗಾಣಿಯನ್ನೇ ಹಿತ್ತಲಿಗೆ ಒಯ್ದೆ. ವಿಡಿಯೋದ ಹೆಣ್ಣುಮಗಳು ಗ್ರಾಂ ಲೆಕ್ಕದಲ್ಲಿ ತೂಗಿ ಎಂದಿದ್ದಳು. ನಾನು ಅವಳು ಹೇಳಿದಷ್ಟೇ ಸೋಡಾ ತಂದಿದ್ದೆ, ಮನೆಯಲ್ಲಿ ಮತ್ತೆ ಯಾಕೆ ತೂಗಬೇಕು? ಇಡೀ ಚೀಲ ನೀರಿಗೆ ಸುರಿದೆ. ಮೇಲಿನ ಆ ಒಂದು ಚಮಚ? ಅದೂ ಹೋಯಿತು. ಪುಕ್ಕಟೆ ಸಿಕ್ಕಿದ್ದನ್ನು ಚೆಲ್ಲುವ ವಂಶದಲ್ಲಿ ನಾನು ಹುಟ್ಟಿಲ್ಲ. ಕಲಸಿ ಕಲಸಿ ರಟ್ಟೆ ಬಿದ್ದವು. ಗಂಜಿಯಂತೆ ಗಟ್ಟಿಯಾದಾಗ ಹತ್ತಿಯ ತುಣುಕುಗಳನ್ನೆಲ್ಲ ಅದರಲ್ಲಿ ಹಿಂಡಿ, ಅಂಗಡಿಯಲ್ಲಿ ಸೊಟ್ಟಾಗಿ ಬಿದ್ದಿದ್ದ ಹನ್ನೆರಡು ಬಟ್ಟಲಿಗೆ ಸುರಿದೆ.

ಗಿರಿಜಾ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. ‘ಏನ್ರೀ ಇದು, ಮದಿವಿ ದಿಬ್ಬಣದ ಬಸ್ ಮನ್ಯಾಗ ಹೊಕ್ಕಂಗ ಆಗೇತಿ!’

ಅಷ್ಟು ಸರಿಯಾಗಿ ನಾನೂ ಹೇಳುತ್ತಿರಲಿಲ್ಲ. ಮಲ್ಲಿಗೆ, ಗುಲಾಬಿ, ಅತ್ತರು, ಹಿಂದಿನ ಸೀಟಿನಲ್ಲಿ ಯಾರಿಗೋ ವಾಂತಿಯಾದಂಥ ಒಂದು ಸಣ್ಣ ಸುಳಿವು. ಬೋಗಾಣಿ ಮಾತ್ರ ತೊಳೆದ ಮೇಲೆ ಕನ್ನಡಿಯಂತೆ ಹೊಳೆಯಿತು. ಅವಳ ಅಪ್ಪನ ಹೆಸರು ಎಂದೂ ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಹನ್ನೊಂದು ದಿನ ಸಾಬೂನು ಅಟ್ಟದ ಮೇಲೆ ಕುಳಿತಿತು. ಗಡುವಿನ ಭಾನುವಾರ ಒಂದನ್ನು ಜೇಬಿನಲ್ಲಿ, ಹನ್ನೊಂದನ್ನು ಚೀಲದಲ್ಲಿ ಹಾಕಿಕೊಂಡು ಮಾರುತಿಯ ಅಂಗಡಿಗೆ ಹೋದೆ. ಗೆದ್ದ ಮೇಲೆ ಬೆಂಚಿನವರಿಗೆ ಮಾರೋಣವೆಂದು ಉಳಿದವನ್ನು ಒಯ್ದಿದ್ದೆ, ವ್ಯಾಪಾರಸ್ಥನ ಬುದ್ಧಿ. ಬೆಂಚು ತುಂಬಿತ್ತು. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಅವರಿಗೆ ದಾಡಿಯೇ ಇರಲಿಲ್ಲ, ನೋಡಲು ಬಂದವರು.

ಮಾರುತಿ ಚೀಲದಿಂದ ಒಂದು ಬಟ್ಟಲು ತೆಗೆದು, ಮೂಸಿ, ಹಿಂದಕ್ಕೆ ಸರಿದು, ಆಮೇಲೆ ಬ್ರಷ್ ತಿರುಗಿಸಿದ. ನೊರೆ ಬಂತು. ಸುಮ್ಮನೆ ಬಂತೆಂದರೆ ಸಾಲದು, ಉಕ್ಕಿ ಬಂತು. ಬೆಂಚಿನವರು ‘ಏ ಭಾರೀ ಐತಪಾ’ ಎಂದರು. ನಾನು ಕನ್ನಡಿಯಲ್ಲಿ ಎಲ್ಲರನ್ನೂ ಒಮ್ಮೆ ನೋಡಿದೆ. ಮಾರುತಿಯ ಮುಖ ಸಣ್ಣದಾಗಿತ್ತು. ಎರಡೂ ಗಲ್ಲಕ್ಕೆ, ಗದ್ದಕ್ಕೆ, ಕುತ್ತಿಗೆಗೆ ನೊರೆ ಹಚ್ಚಿದ.

ಮೊದಲು ತಣ್ಣಗೆ ಅನಿಸಿತು. ಆಮೇಲೆ ಬೆಚ್ಚಗೆ. ಆಮೇಲೆ ಯಾರೋ ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದಂತೆ. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಬಾಯಿ ಬಿಟ್ಟರೆ ಪಂದ್ಯ ಹೋಗುತ್ತದೆ, ಜೊತೆಗೆ ನಾಲಗೆಯೂ ಹೋಗುತ್ತದೆ.

‘ಸಾವಕಾರ್ರ, ಕಣ್ಣಾಗ ನೀರ ಬಂತಲ್ರಿ?’

‘ಸಂತೋಷಕ್ಕ,’ ಎಂದೆ ಹಲ್ಲು ಕಚ್ಚಿ. ‘ಮಾಡ್ ನೀ, ಲಗೂ ಮಾಡ್.’

ಅವನು ಕತ್ತಿ ಎತ್ತಿದವನು ಹಾಗೇ ನಿಂತ. ತನ್ನ ಬೆರಳು ನೋಡಿಕೊಂಡ. ನೊರೆ ತಾಗಿದ ಬೆರಳು ಕೆಂಪಾಗಿತ್ತು. ‘ಅಯ್ಯ ಶಿವನ!’ ಎಂದವನೇ ಕತ್ತಿ ಎಸೆದು, ನನ್ನ ತಲೆಯನ್ನು ಬೇಸಿನ್ನಿಗೆ ಬಗ್ಗಿಸಿ, ನಳ ಪೂರಾ ತಿರುಗಿಸಿಬಿಟ್ಟ. ಬಹಳ ಹೊತ್ತು ನೀರು ಬಿಟ್ಟ. ಯಾರೋ ಎದುರಿನ ಮನೆಯಿಂದ ಐಸ್ ತಂದರು. ತಲೆ ಎತ್ತಿದಾಗ ಕನ್ನಡಿಯಲ್ಲಿ ಒಂದು ಟೊಮ್ಯಾಟೊ ಕುಳಿತಿತ್ತು, ನನ್ನ ಮೀಸೆ ಹಚ್ಚಿಕೊಂಡು. ‘ಒದರಬಾರದೇನ್ರಿ?’ ಎಂದು ಮಾರುತಿ ಬೈದ. ‘ಒಂದ ದಾಡಿ ರೇಟಿಗೆ ಮಾರಿ ಕಳಕೋತೀರೇನ್?’ ಬೈಯುತ್ತಲೇ ಐಸನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಗಲ್ಲಕ್ಕೆ ಹಿಡಿದ. ಅದನ್ನು ನೋಡಿ ನನಗೆ ಏನೋ ಆಯಿತು, ಆದರೆ ಅದನ್ನು ಹೇಳುವುದು ನನಗೆ ಅಭ್ಯಾಸವಿಲ್ಲ. ಆದ್ದರಿಂದ ಅಂದೆ:

‘ನೊರಿ ಬಂತಿಲ್ಲೋ?’

ತೀರ್ಪು ಮಾಸ್ತರರ ಮುಂದೆ ಹೋಯಿತು. ಅವರು ಪೇಪರು ಮಡಚಿದರು, ಕನ್ನಡಕ ಒರೆಸಿದರು.

‘ನೊರಿ ಬಂತು ಖರೇ,’ ಎಂದರು. ‘ಮಾರಿ ಹೋತು, ಅದೂ ಖರೇ. ಹಿಂಗಾಗಿ ಒಂದ ಐತವಾರ ಹಳೇ ರೇಟ, ಒಂದ ಐತವಾರ ಹೊಸಾ ರೇಟ. ಹಳೇ ರೇಟಿನ ದಿನ ಇವರು ಎಷ್ಟರೆ ಮಾತಾಡ್ಲಿ. ಹೊಸಾ ರೇಟಿನ ದಿನ ಬಾಯಿ ಮುಚ್ಗೊಂಡ್ ಕೂಡಬೇಕು. ನನಗೂ ಪೇಪರ್ ಓದಾಕ ಒಂದ ದಿನ ಬೇಕು.’

ಬೆಂಚು ಒಪ್ಪಿತು. ನಾನು ತಲೆ ಆಡಿಸಿದೆ, ಗಲ್ಲ ಆಡಿಸಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಮಾರುತಿ ಬೇಸಿನ್ನನ್ನೇ ನೋಡುತ್ತ ನಿಂತಿದ್ದ. ನನ್ನ ಮುಖ ತೊಳೆದ ನೀರು ಹರಿದ ಕಡೆಯೆಲ್ಲ ವರ್ಷಗಟ್ಟಲೆಯ ಕಪ್ಪು ಹೋಗಿ ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು.

‘ಸಾವಕಾರ್ರ, ಈ ಚೀಲದಾಗಿನವು ಬಿಟ್ಟು ಹೋಗ್ರಿ. ನೆಲದ ಫರ್ಶಿ ತಿಕ್ಕಾಕ ಬೇಕಾಗ್ತಾವು.’

‘ಎಷ್ಟ ಕೊಡ್ತಿ?’

‘ಒಯ್ದು ಅಕ್ಕಾರಿಗೆ ಏನಂತ ಹೇಳ್ತೀರಿ, ಈ ಮಾರಿ ತಗೊಂಡು?’

ಗಿರಿಜಾ ಬಾಗಿಲಲ್ಲಿ ನಿಂತ ಚಿತ್ರ ಕಣ್ಣ ಮುಂದೆ ಬಂತು. ಚೀಲವನ್ನು ಅವನ ಕಡೆ ತಳ್ಳಿದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಸಲ, ಕೇಳಿದ ರೇಟಿಗೆ. ಅದೂ ಶೂನ್ಯ ರೇಟಿಗೆ. ಅದಕ್ಕಿಂತ ಇಳಿಸಲು ಜಾಗವೇ ಇರಲಿಲ್ಲ. ಇನ್ನು ನನ್ನ ತಿದ್ದುಪಡಿ ಕೇಳಿ, ಬರೆದಿಟ್ಟುಕೊಳ್ಳಿ: ಕೊಸರನ್ನು ಕೊತ್ತಂಬರಿಯವಳ ಹತ್ತಿರ ಕೇಳಿ, ಜೀರಿಗೆಯವನ ಹತ್ತಿರ ಕೇಳಿ. ಸುಡುತ್ತದೆ ಎಂದು ಹೇಳುವವನ ಹತ್ತಿರ ಕೇಳಬೇಡಿ.

ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಎದ್ದೆ. ಅಂಗಡಿಯ ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಮಾರುತಿ ಬಟ್ಟಲು ಎಣಿಸಿ ಮುಗಿಸಿದ್ದು ಕೇಳಿಸಿತು.

‘ಸಾವಕಾರ್ರ, ಇಲ್ಲಿ ಹನ್ನೊಂದ ಅದಾವು.’ ಆಮೇಲೆ ನನ್ನದೇ ದನಿಯಲ್ಲಿ ಅಂದ: ‘ಮ್ಯಾಲ ಒಂಚೂರು?’

ಬೆಂಚು ಹೋ ಎಂದು ನಕ್ಕಿತು. ನಾನು ತಿರುಗಿ ಬಂದು, ಜೇಬಿನಲ್ಲಿದ್ದ ಹನ್ನೆರಡನೆಯದನ್ನು ತೆಗೆದು ಅವನ ಕೈಯಲ್ಲಿಟ್ಟೆ.