ಕುರ್ಚಿ ಬೇಡವೆಂದು ವಾದಿಸಿದ ಮೇಷ್ಟ್ರು

ಆ ಭಾನುವಾರ ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದರು: ಇವತ್ತು ಹೆಂಡತಿಯನ್ನು ಮಾತಿನಲ್ಲಿ ಗೆದ್ದೇ ತೀರಬೇಕು. ಹೈಸ್ಕೂಲಿನ ಮಕ್ಕಳಿಗೆಲ್ಲ ವಾದ ಮಾಡುವುದನ್ನು ಕಲಿಸುವವರು ಮನೆಯಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರುವುದೆಂದರೆ ಏನರ್ಥ!

ಜಗಳ ಕುರ್ಚಿಯದು. ಮೇಷ್ಟ್ರ ಅಪ್ಪ ಬದುಕಿರುವವರೆಗೂ ಕೂರುತ್ತಿದ್ದ ಮರದ ಆರಾಮ ಕುರ್ಚಿ. ಒಂದು ಕಾಲು ಮೋಟು, ಅದರಡಿ ಮಡಿಸಿದ ರಟ್ಟು. ಅಡುಗೆಮನೆಯ ದಾರಿಗೆ ಅಡ್ಡವಾಗಿ ಕೂತು ಹೆಂಡತಿಯ ಮೊಣಕಾಲಿಗೆ ದಿನಾ ಬಡಿಯುತ್ತಿತ್ತು. ಹಳೇ ಸಾಮಾನಿನವನಿಗೆ ಬರಲು ಅವಳು ಹೇಳಿಯಾಗಿತ್ತು; ಮೇಷ್ಟ್ರಿಗೆ ಕುರ್ಚಿ ಉಳಿಯಬೇಕಿತ್ತು.

"ಅದನ್ನ ಯಾಕೆ ಇಟ್ಕೋಬೇಕು, ಒಂದು ಕಾರಣ ಹೇಳಿ," ಎಂದಳು ಹೆಂಡತಿ.

ಒಂದೇ ಕಾರಣವೇ? ಮೇಷ್ಟ್ರಿಗೆ ಅವಮಾನವಾಯಿತು. "ಹಾಗಲ್ಲ, ಕ್ರಮವಾಗಿ ಚರ್ಚೆ ಮಾಡೋಣ. ಮಗಳ ಪರೀಕ್ಷೆಗೂ ಆಗುತ್ತೆ," ಎಂದು ಹತ್ತನೇ ಕ್ಲಾಸಿನ ಮಗಳನ್ನು ತೀರ್ಪು ಕೊಡಲು ಕೂರಿಸಿದರು. "ನೋಡಮ್ಮ, ಒಪ್ಪಿಸೋಕೆ ಮೂರು ದಾರಿ. ಮಾತಾಡೋರ ಮೇಲಿನ ನಂಬಿಕೆ, ಕೇಳೋರ ಭಾವನೆ, ಆಮೇಲೆ ತರ್ಕ. ಎದುರಿನವರ ಆಕ್ಷೇಪಣೆಗೆ ಉತ್ತರ ಕೊಟ್ರೆ ಅದು ಪ್ರತಿವಾದ. ತೀರ್ಪು ಬಂದ ಮೇಲೆ ಯಾರೂ ತಕರಾರು ತೆಗೆಯೋ ಹಾಗಿಲ್ಲ."

ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದರು. ಆದರೆ ಎದುರಾಳಿಯ ಪಕ್ಷವನ್ನೇ ಹಿಡಿದು ವಾದಿಸುವುದು ತರಗತಿಯಲ್ಲಿ ಅವರ ಹೆಮ್ಮೆಯ ಪದ್ಧತಿ. "ಕುರ್ಚಿ ಬೇಡ ಅಂತ ನಾನು ಹೇಳ್ತೀನಿ, ಬೇಕು ಅಂತ ನೀನು ಹೇಳು," ಎಂದು ಹೆಂಡತಿಗೆ ಹೇಳಿಬಿಟ್ಟರು. ತನ್ನ ಬಾಯಿಂದಲೇ ಕುರ್ಚಿಯನ್ನು ಹೊಗಳಿದ ಮೇಲೆ ಅವಳು ಅದನ್ನು ಹೊರಗೆ ಹಾಕಿಸುತ್ತಾಳೆಯೇ? ಇದು ಒಳಗಿನ ಉಪಾಯ.

ಶುರುವಾಗಿದ್ದೇ ತಡ, ಮೇಷ್ಟ್ರಿಗೆ ಹುರುಪೇರಿತು. "ಇದರಲ್ಲಿ ಕೂತು ಬೆನ್ನು ನೋಯಿಸ್ಕೊಂಡವನು ನಾನು, ನನ್ನ ಮಾತು ನಂಬಿ," ಎಂದು ನಂಬಿಕೆ ಗಳಿಸಿದರು. ಹೆಂಡತಿಯ ಮೊಣಕಾಲು ಕಪ್ಪುಗಟ್ಟಿದ್ದನ್ನು ವರ್ಣಿಸಿ ಮಗಳ ಕಣ್ಣಲ್ಲಿ ನೀರು ತರಿಸಿದರು. ಟೇಪು ಹಿಡಿದು ದಾರಿ ಎಷ್ಟು ಇಕ್ಕಟ್ಟೆಂದು ಅಳೆದೂ ತೋರಿಸಿದರು, ಅದು ತರ್ಕ.

ಹೆಂಡತಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ನನಗೆ ಅಷ್ಟೆಲ್ಲ ಬರಲ್ಲಮ್ಮ. ಮಾವ ಇದರಲ್ಲೇ ಕೂತು ನನ್ನ ಕೈಲಿ ಪೇಪರ್ ಓದಿಸ್ಕೊಳ್ತಿದ್ರು. ನಿಮ್ಮಪ್ಪ ದಿನಾ ಸೋಫಾದಲ್ಲಿ ಕೂರ್ತಾರೆ, ಮನಸ್ಸಿಗೆ ಬೇಜಾರಾದಾಗ ಮಾತ್ರ ಇಲ್ಲಿ ಬಂದು ಕೂರ್ತಾರೆ. ನಾನು ನೋಡಿದೀನಿ."

ಅವಳು ಇದನ್ನು ಗಮನಿಸಿದ್ದಾಳೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಅಲ್ಲೇ ಸೋಲೊಪ್ಪಿದ್ದರೆ ಕುರ್ಚಿ ಉಳಿಯುತ್ತಿತ್ತು. ಗೆಲ್ಲುವ ಚಟ ಬಿಡಬೇಕಲ್ಲ! "ಇದು ಬರೀ ಭಾವನೆ. ನೆನಪು ಇರೋದು ಮನಸ್ಸಲ್ಲಿ, ಮರದಲ್ಲಲ್ಲ," ಎಂದು ಪ್ರತಿವಾದ ಹೊಡೆದೇ ಬಿಟ್ಟರು.

"ಅಪ್ಪ ಗೆದ್ರು," ಎಂದಳು ಮಗಳು.

ಮೇಷ್ಟ್ರು ಎದೆಯುಬ್ಬಿಸಿದರು. ಗೆದ್ದದ್ದು ಏನನ್ನು ಎಂಬುದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಹೊರಗೆ ಹಳೇ ಸಾಮಾನಿನವನ ಗಾಡಿ ಬಂದು ನಿಂತಿತು.

ಹೆಂಡತಿ ಕುರ್ಚಿಯ ಒಂದು ಕಡೆ ಎತ್ತಿದಳು. "ಗೆದ್ದೋರು ಇನ್ನೊಂದು ಕಡೆ ಹಿಡ್ಕೊಳ್ಳಿ."

"ಅದು ನಿಜವಾಗ್ಲೂ ನನ್ನ ಅಭಿಪ್ರಾಯ ಅಲ್ಲ..."

"ತಕರಾರು ತೆಗೆಯೋ ಹಾಗಿಲ್ಲ ಅಪ್ಪ, ನೀವೇ ಹೇಳಿದ್ದು," ಎಂದಳು ಮಗಳು.

ಹೊಸ್ತಿಲವರೆಗೆ ಹೊತ್ತರು. ಅಲ್ಲಿಂದ ಮುಂದೆ ಮೇಷ್ಟ್ರ ಕಾಲೇಳಲಿಲ್ಲ. "ಕೊಡೋದು ಬೇಡ ಕಣೇ," ಎಂದರು. "ಅಪ್ಪ ಇನ್ನೊಂದ್ಸಲ ಹೋದ ಹಾಗಾಗುತ್ತೆ."

ಹೆಂಡತಿ ಮೆಲ್ಲಗೆ ಕುರ್ಚಿ ಇಳಿಸಿದಳು. "ಬೆಳಗ್ಗೆ ನಾನು ಕೇಳಿದ್ದು ಇದೊಂದು ಕಾರಣಾನೇ ಅಲ್ವೇನ್ರೀ? ಬನ್ನಿ, ಕಿಟಕಿ ಹತ್ರ ಹಾಕೋಣ. ಅಲ್ಲಾದ್ರೆ ದಾರಿಗೆ ಅಡ್ಡ ಆಗಲ್ಲ."

ಮಗಳು ಪೆನ್ನು ಹಿಡಿದು ಹಿಂದೆಯೇ ಬಂದಳು. "ಅಪ್ಪ, ಈಗ ನೀವು ಹೇಳಿದ್ದು ಯಾವುದು? ನಂಬಿಕೆನಾ, ಭಾವನೆನಾ, ತರ್ಕಾನಾ?"

ಮೋಟು ಕಾಲಿನಡಿ ರಟ್ಟು ಸಿಕ್ಕಿಸುತ್ತಿದ್ದ ಮೇಷ್ಟ್ರು ತಲೆ ಎತ್ತಲಿಲ್ಲ. "ಅದು ಪರೀಕ್ಷೆಗೆ ಬರಲ್ಲ, ಬಿಡಮ್ಮ," ಎಂದರು.