ಬಿಡಿಯಾಗಿ ಮಾರಿದ ಬ್ಯಾಂಡು

ಕೇಳದವರಿಗೂ ಸಲಹೆ ಕೊಡುವ ಚಟ ನನ್ನದು. ಮನಾಮಾದ ಸೆಗಯಾ ಬಡಾವಣೆಯಲ್ಲಿರುವ ನನ್ನ ಹಳೆಯ ಪೀಠೋಪಕರಣಗಳ ಅಂಗಡಿಗೆ ಕುರ್ಚಿ ಕೊಳ್ಳಲು ಬಂದವರು ಸಂಬಳ ಹೆಚ್ಚು ಕೇಳುವ ಬಗೆ, ಮಗಳಿಗೆ ಗಂಡು ನೋಡುವ ಬಗೆ ಎಲ್ಲ ತಿಳಿದುಕೊಂಡೇ ಹೋಗುತ್ತಾರೆ. ಕುರ್ಚಿ ಮಾತ್ರ ಕೆಲವೊಮ್ಮೆ ಇಲ್ಲೇ ಉಳಿಯುತ್ತದೆ. ಬರಿಗೈಯಲ್ಲಿ ಬಹರೈನಿಗೆ ಬಂದವನು ನಾನು. ದೇಶ ಬಿಟ್ಟು ಹೊರಟವರ ಸಾಮಾನನ್ನು ಇಡಿಯಾಗಿ ಕೊಂಡು ಬಿಡಿಯಾಗಿ ಮಾರುವುದೇ ನನ್ನ ವಿದ್ಯೆ. ಸೋಫಾ ಸೆಟ್ಟು ಬಂದರೆ ಉದ್ದದ್ದು ಒಬ್ಬನಿಗೆ, ಒಂಟಿಯದು ಇನ್ನೊಬ್ಬನಿಗೆ. ಇಡೀ ಸೆಟ್ಟು ಹಿಡಿಸುವ ಕೋಣೆ ಸೆಗಯಾದಲ್ಲಿ ಯಾರಿಗುಂಟು?

ಮೀನಾ ಸಲ್ಮಾನ್ ಬಂದರಿನ ಬಳಿಯ ನನ್ನ ಗೋದಾಮಿಗೆ ಒಂದು ದಿನ ನಾಲ್ವರು ಬ್ರಿಟಿಷ್ ಹುಡುಗರು ಜಾಗ ಕೇಳಿಕೊಂಡು ಬಂದರು. ಇಲ್ಲಿಯ ಶಾಲೆಗಳ ಮೇಷ್ಟ್ರುಗಳ ಮಕ್ಕಳು. ಬ್ಲೂಸ್ ರಾಕ್ ಬಾರಿಸುತ್ತಾರಂತೆ, ಮನೆಯ ಅಕ್ಕಪಕ್ಕದವರು ಬಿಡುವುದಿಲ್ಲವಂತೆ. ಬಾಡಿಗೆಗೆ ಬದಲು ಶುಕ್ರವಾರ ಬೆಳಿಗ್ಗೆ ಸೋಫಾ ಎತ್ತಿಕೊಡಬೇಕೆಂದು ಕರಾರು ಮಾಡಿದೆ. ಎತ್ತಿದರು, ಆಮೇಲೆ ಸೋಫಾಗಳ ನಡುವೆ ನಿಂತು ಹಾಡಿದರು. ಒಂದೇ ದುಃಖವನ್ನು ಮತ್ತೆ ಮತ್ತೆ ಬಾಯಲ್ಲಿ ಹೇಳಿ, ಸಾಲದೆ ಬಂದಾಗ ಗಿಟಾರಿನಿಂದ ಹೇಳಿಸುವುದೇ ಬ್ಲೂಸ್ ಎಂದು ನನಗೆ ಅರ್ಥವಾಯಿತು. ನನ್ನ ಹೆಂಡತಿ ಶೈಲಜೆ ಬುತ್ತಿ ತರುವ ನೆಪದಲ್ಲಿ ಬಂದು ಕೂರತೊಡಗಿದಳು. ಡ್ರಮ್ ಬಾರಿಸುವ ಟೋಬಿ ಅವಳ ನೀರುದೋಸೆಗೆ ಮರುಳಾದ.

ಒಂದು ಹೋಟೆಲಿನ ಬಾರಿನಲ್ಲಿ ಅವರಿಗೆ ಗುರುವಾರ ಸಂಜೆಯ ಅವಕಾಶ ಸಿಕ್ಕಿತು. ಜನ ಕೂರಲು ಜಾಗವಿಲ್ಲದೆ ನಿಂತು ಕೇಳಿದರು. ವಾರವಿಡೀ ಬನ್ನಿ ಎಂದು ಕರೆ ಬಂದಾಗ ಚೌಕಾಸಿಗೆ ನಾನು ಹೋಗದೆ ಹೇಗೆ? ಮ್ಯಾನೇಜರ್ ಸದಾನಂದ ಕುಂದಾಪುರದ ಕಡೆಯವರು. "ನಾಲ್ಕು ಜನರನ್ನು ದಿನಾ ಕರೀಲಿಕ್ಕೆ ಆಗುದಿಲ್ಲ ಮಾರಾಯ್ರೆ, ಸ್ಟೇಜೂ ಸಣ್ಣದು" ಎಂದರು. ಕುರ್ಚಿ ಮಾರಿ ಪಳಗಿದ ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿತು: "ಹಾಗಾದ್ರೆ ಹಾಡುವವ, ಗಿಟಾರಿನವ, ಇಬ್ಬರನ್ನೇ ದಿನಾ ಇಟ್ಕೊಳ್ಳಿ. ಗುರುವಾರ ಮಾತ್ರ ನಾಲ್ಕೂ." ಕೈ ಕುಲುಕಿದೆವು. ಅಷ್ಟು ಚೆಂದದ ವ್ಯಾಪಾರವನ್ನು ನಾನು ಮಾಡಿದ್ದು ಕಡಿಮೆ.

"ಉಳಿದ ದಿನ ನಾನೇನು ಮಾಡಲಿ ಅಂಕಲ್?" ಎಂದು ಟೋಬಿ ಕೇಳಿದ. ವಿಶ್ರಾಂತಿ ತಗೋ ಎಂದು ಸಲಹೆ ಕೊಟ್ಟೆ. ಅತ್ತ ಆ ಇಬ್ಬರು ಡ್ರಮ್ ಬೇಡದ ಹಾಡುಗಳನ್ನು ಕಟ್ಟಿಕೊಂಡರು. ನೋಡನೋಡುತ್ತ ಗುರುವಾರವೂ ಅವರದೇ ಆಯಿತು. ಬೇಸ್ ಗಿಟಾರಿನವನು ಓದಲು ಇಂಗ್ಲೆಂಡಿಗೆ ಹೋದ. ಹಾಡುವವ, ಗಿಟಾರಿನವ ತಾವೇ ಜಗಳವಾಡಿ ಬೇರೆಯಾದರು. ಅದಕ್ಕೆ ನನ್ನ ಸಹಾಯ ಬೇಕಾಗಲಿಲ್ಲ.

ಮುಂದಿನ ಶುಕ್ರವಾರ ಟೋಬಿ ಒಬ್ಬನೇ ಬಂದ. ಅಭ್ಯಾಸಬಲದಿಂದ ಸೋಫಾದ ಒಂದು ತುದಿ ಎತ್ತಿದ. ಇನ್ನೊಂದು ತುದಿ ನಾನು ಹಿಡಿದೆ. ನಾನೂ ಇಂಗ್ಲೆಂಡಿಗೆ ಹೊರಟೆ, ಡ್ರಮ್ ಮಾರಿಬಿಡಿ ಎಂದ. ಶೈಲಜೆ ಕೊಟ್ಟ ದೋಸೆಯನ್ನು ತಿನ್ನದೆ, ಕಟ್ಟಿಸಿಕೊಂಡು ಹೋದ.

"ನಿಮ್ಮ ಕೈಗೆ ಸಿಕ್ಕಿದ್ದು ಎಂತದೂ ಇಡೀ ಉಳಿಯುದಿಲ್ಲ" ಎಂದಳು ಅವಳು.

ಮೊನ್ನೆ ಜಿಂಜ್ ಬಡಾವಣೆಯಿಂದ ಒಬ್ಬ ಗಿರಾಕಿ ಗೋದಾಮಿಗೆ ಬಂದಿದ್ದ, ಮಂಗಳೂರಿನವ. "ಆ ಡ್ರಮ್ ಸೆಟ್ಟಿನ ಹಿತ್ತಾಳೆ ತಟ್ಟೆ ಎರಡು ಸಾಕು. ನೀವು ಹೇಳಿದ ರೇಟು."

"ಕೊಟ್ಟರೆ ಇಡೀ ಕೊಡುದು" ಎಂದೆ.

"ಇಡೀ ಯಾರು ತಕೊಳ್ತಾರೆ ಅಣ್ಣ?"

ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ಹೋದ. ಶೈಲಜೆ ಬಾಗಿಲ ಬಳಿಯ ಡ್ರಮ್ಮಿನ ಮೇಲೆ ಹಳೆಯ ಸೀರೆಯೊಂದನ್ನು ಹೊದೆಸಿದಳು. ಮಾರಿಹೋಗದ ಸಾಮಾನಿಗೆ ಗೋದಾಮಿನ ಬಾಗಿಲಲ್ಲೇ ಜಾಗ ಕೊಡಬಾರದು ಎಂಬುದು ಯಾವ ವ್ಯಾಪಾರಿಗೂ ನಾನು ಕೊಡುವ ಮೊದಲ ಸಲಹೆ. ಸದ್ಯ ಯಾರೂ ಕೇಳಿಲ್ಲ.